ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಅಂದ ಕೂಡಲೇ ದುಡ್ಡು ಕೊಡಬೇಡಿ

ಹಾಸನದಲ್ಲಿ ಗಿಟಾರ್ ಆಂಪ್ (ಆಂಪ್ಲಿಫೈಯರ್) ರಿಪೇರಿಗೆ ಕೊಡುವವರು ದಯವಿಟ್ಟು ಇದನ್ನು ಓದಿ. ಆಂಪ್ ಆನ್ ಆಗುತ್ತಿಲ್ಲ ಅಂತ ಹೋದರೆ "ಟ್ರಾನ್ಸ್‌ಫಾರ್ಮರ್ ಸುಟ್ಟಿದೆ" ಅನ್ನುತ್ತಾರೆ. ಸುಮ್ನೆ ನಂಬಬೇಡಿ. ತೋರಿಸಿ ಅನ್ನಿ.

ನನ್ನದು ಟ್ರಾನ್ಸಿಸ್ಟರ್ ಆಂಪ್, ವಾಲ್ವಿನದಲ್ಲ. ಗಣಪತಿ ಪ್ರೋಗ್ರಾಂಗಳ ಹೊತ್ತಿಗೇ ಕೈಕೊಟ್ಟಿತು. ಹೊಸ ಫ್ಯೂಸ್ ಹಾಕಿದರೆ ಸ್ವಿಚ್ ಒತ್ತಿದ ತಕ್ಷಣ ಅದೂ ಹೋಯಿತು. ಹೊಗೆ ಇಲ್ಲ, ಸುಟ್ಟ ವಾಸನೆಯೂ ಇಲ್ಲ. ಟಿವಿ, ಸೌಂಡ್ ಸೆಟ್ ಎಲ್ಲ ನೋಡುವ ಇಲ್ಲಿನ ಒಂದು ಅಂಗಡಿಗೆ ಕೊಟ್ಟೆ. ಟ್ರಾನ್ಸ್‌ಫಾರ್ಮರ್ ಹೋಗಿದೆ, 3,200 ರೂಪಾಯಿ ಅಂದರು. ಪ್ರೋಗ್ರಾಂ ತಲೆ ಮೇಲಿತ್ತು, ಕೊಟ್ಟೆ.

ವಾಪಸ್ ಬಂದ ಆಂಪ್ ಆನ್ ಆಯಿತು ನಿಜ. ಆದರೆ ಮೊದಲಿನ ಸೌಂಡೇ ಇಲ್ಲ! ಪೂರ್ತಿ ತಿರುಗಿಸಿದರೆ ಕರಕರ ಅಂತ ಒಡೆಯುತ್ತದೆ. ಬೇಲೂರಿನ ಪೆಂಡಾಲಿನಲ್ಲಿ ಅಷ್ಟು ಜನರ ಮುಂದೆ ನಾಬ್ ತಿರುಗಿಸುತ್ತಾ ನಿಂತಿದ್ದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಸಕಲೇಶಪುರದಲ್ಲಿ ಸೌಂಡ್ ಸಿಸ್ಟಂ ನಡೆಸುವ ಅಣ್ಣನೊಬ್ಬರ ಹತ್ತಿರ ಬಿಚ್ಚಿಸಿದೆ. ಬೋರ್ಡಿನ ಮೇಲೆ 28-0-28 ಅಂತ ಅಚ್ಚಾಗಿದೆ, ಅಂದರೆ ಟ್ರಾನ್ಸ್‌ಫಾರ್ಮರ್ ಮನೆ ಕರೆಂಟನ್ನು ಎರಡೂ ಕಡೆ 28 ವೋಲ್ಟ್ ಎಸಿಗೆ ಇಳಿಸಿ ಕೊಡಬೇಕು. ಹಾಕಿರುವುದು 18-0-18! ಸುಮಾರು 40 ವೋಲ್ಟ್ ಡಿಸಿ ಬರಬೇಕಾದ ಕಡೆ 25 ಬರುತ್ತಿದೆ. ಪವರ್ ಅರ್ಧಕ್ಕಿಂತ ಕಮ್ಮಿ. ಇನ್ನೂ ಕೇಳಿ, ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿ ಸುತ್ತಿದ್ದಾರೆ. ತಂತಿ! ಒಳಗೆ ಏನಾದರೂ ಶಾರ್ಟ್ ಆದರೆ ಬೆಂಕಿ ಹತ್ತುತ್ತದೆ ಅಲ್ವಾ? ಅದರ ಪಕ್ಕದಲ್ಲೇ ಹೊಸ ಬ್ರಿಡ್ಜ್ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಪಾರ್ಟ್), ಬೆಸುಗೆ ಇನ್ನೂ ಹೊಳೆಯುತ್ತಿದೆ. ಬಿಲ್ಲಿನಲ್ಲಿ ಅದರ ಸುದ್ದಿಯೇ ಇಲ್ಲ. "ಹೋಗಿದ್ದು ಇದೊಂದೇ ಇರಬೇಕು. ಬ್ರಿಡ್ಜ್ ಶಾರ್ಟ್ ಆದರೂ ಫ್ಯೂಸ್ ಹೀಗೇ ಹೋಗುತ್ತೆ" ಅಂದರು ಆ ಅಣ್ಣ.

ನೇರ ಅಂಗಡಿಗೆ ಹೋದೆ. ಹಳೇ ಟ್ರಾನ್ಸ್‌ಫಾರ್ಮರ್ ಕೊಡಿ ಅಂದೆ.

"ಅದು ಗುಜರಿಗೆ ಹೋಯ್ತು ಸಾರ್."

ಸುಟ್ಟ ವಾಸನೆಯೇ ಇರಲಿಲ್ಲವಲ್ಲ?

"ಒಳಗೊಳಗೇ ಸುಟ್ಟಿರುತ್ತೆ ಸಾರ್."

ಹಾಗಾದರೆ ಬ್ರಿಡ್ಜ್ ಯಾಕೆ ಬದಲಾಯಿಸಿದಿರಿ?

"ಅದು ಫ್ರೀಯಾಗಿ ಹಾಕಿಕೊಟ್ಟಿದ್ದು."

ಫ್ರೀ ಅಂತೆ! ನೂರು ರೂಪಾಯಿಯೂ ಆಗದ ಪಾರ್ಟ್ ಫ್ರೀ, ನನ್ನ ಒರಿಜಿನಲ್ ಟ್ರಾನ್ಸ್‌ಫಾರ್ಮರ್ ಗುಜರಿಗೆ. ತಂತಿ ಯಾಕೆ ಸುತ್ತಿದಿರಿ ಅಂತ ಕೇಳಿದರೆ "ನಿಮ್ಮ ಮನೆ ಕರೆಂಟ್ ಸರಿ ಇಲ್ಲ, ಫ್ಯೂಸ್ ನಿಲ್ಲಲ್ಲ" ಅಂದರು. ಪಕ್ಕದಲ್ಲಿದ್ದ ಗಿರಾಕಿ ನಕ್ಕರು. ಮೈ ಉರಿದುಹೋಯಿತು.

ನೀವು ಕೊಡುವ ಮೊದಲು ಒಳಗಿನ ಫೋಟೋ ತೆಗೆಸಿಕೊಳ್ಳಿ. ನೀವೇ ಕೈ ಹಾಕಬೇಡಿ, ಪ್ಲಗ್ ಕಿತ್ತರೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಟ್ರಾನ್ಸ್‌ಫಾರ್ಮರ್ ಹೋಗಿದೆ ಅಂದರೆ ಸೆಕೆಂಡರಿ ವೈರುಗಳನ್ನು (ಟ್ರಾನ್ಸ್‌ಫಾರ್ಮರ್‌ನಿಂದ ಬೋರ್ಡಿಗೆ ಹೋಗುವವು) ಬಿಚ್ಚಿಸಿ, ಸೀರೀಸ್ ಬಲ್ಬ್ (ಕರೆಂಟ್ ಲೈನಿನ ನಡುವೆ ಸೇರಿಸುವ ಬಲ್ಬ್) ಕೊಟ್ಟು ನಿಮ್ಮೆದುರೇ ಆನ್ ಮಾಡಿಸಿ. ಬಲ್ಬ್ ಜೋರಾಗಿ ಉರಿಯದೆ, ಮೀಟರಿನಲ್ಲಿ ಸರಿಯಾದ ಎಸಿ ವೋಲ್ಟೇಜ್ ಬಂದರೆ ಟ್ರಾನ್ಸ್‌ಫಾರ್ಮರ್ ಬಹುತೇಕ ಚೆನ್ನಾಗಿದೆ ಅಂತಲೇ ಅರ್ಥ. ಐದು ನಿಮಿಷದ ಕೆಲಸ ಇದು, ಮಾಡಲ್ಲ ಅಂದರೆ ಆಂಪ್ ಎತ್ತಿಕೊಂಡು ಬನ್ನಿ. ತೆಗೆದ ಪಾರ್ಟ್ ಬಿಡದೆ ಕೇಳಿ ಪಡೆಯಿರಿ.

ಬಿಲ್, ತಂತಿ ಸುತ್ತಿದ ಫ್ಯೂಸಿನ ಫೋಟೋ ಎರಡೂ ನನ್ನ ಹತ್ತಿರ ಇವೆ. ದುಡ್ಡು ವಾಪಸ್ ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ಅದೇ ಅಂಗಡಿಯಲ್ಲಿ ಬೇರೆ ಯಾರಿಗಾದರೂ ಹೀಗಾಗಿದ್ದರೆ ಹೇಳಿ, ಜೊತೆಗೇ ಹೋಗೋಣ.