ಜೇಡಿಮಣ್ಣಲ್ಲಿ ಗುಂಡಿ ತೋಡಿ ಗಾಂಜಾ ಗಿಡ ನೆಡಬೇಡಿ, ನನ್ನವು ನಾಲ್ಕೂ ಹಾಳಾದವು

ಕಳೆದ ವರ್ಷ ಹಿತ್ತಲಲ್ಲಿ ನಾಲ್ಕು ಗಿಡ ನೆಟ್ಟೆ. ಒಂದೂ ದಕ್ಕಲಿಲ್ಲ. ನಾಲ್ಕು ಬೀಜಕ್ಕೆ ಸುಮಾರು 50 ಡಾಲರ್, ಚೀಲದ ಮಣ್ಣಿಗೆ ಅದಕ್ಕಿಂತ ಜಾಸ್ತಿ. ದುಡ್ಡು ಹೋಗಲಿ, ಎರೆಭೂಮಿಯಲ್ಲಿ, ಅಂದರೆ ನೀರಿಂಗದ ಜಿಗುಟು ಕಪ್ಪು ಮಣ್ಣಿನ ಸೀಮೆಯಲ್ಲಿ, ಹುಟ್ಟಿ ಬೆಳೆದವನು ನಾನು. ನನಗೆ ಇದು ಗೊತ್ತಿರಬೇಕಿತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನಿರುವುದು ಕೆನಡಾದ ಒಂಟಾರಿಯೋದಲ್ಲಿ. ಇಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಇದೆ. 19 ತುಂಬಿದವರು ಪರವಾನಗಿ ಇರುವ ಅಂಗಡಿಯ ಬೀಜ ತಂದು ಗಿಡ ಬೆಳೆಸಬಹುದು. ಆದರೆ ತಲೆಗೆ ನಾಲ್ಕಲ್ಲ, ಮನೆಗೆ ನಾಲ್ಕು. ಬಾಡಿಗೆ ಮನೆಯಾದರೆ ಕರಾರು ಪತ್ರ ಓದಿಕೊಳ್ಳಿ. ಪಕ್ಕದ ಕ್ವಿಬೆಕ್‌ನಲ್ಲಿ ಒಂದು ಗಿಡವನ್ನೂ ಬೆಳೆಸುವಂತಿಲ್ಲ, 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ನಿಷೇಧವನ್ನು ಎತ್ತಿಹಿಡಿದಿದೆ. ಊರಲ್ಲಿರುವವರಂತೂ ಇದನ್ನು ಓದಿ ಹಿತ್ತಲಿಗೆ ಇಳಿಯಲೇಬೇಡಿ. ಭಾರತದಲ್ಲಿ ಮಾದಕ ವಸ್ತು ತಡೆಯಲು ಇರುವ 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಗಿಡ ಬೆಳೆಸಿದರೆ 10 ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ.

ಈಗ ಮಣ್ಣಿನ ಕಥೆ. ನಮ್ಮದು ಹೊಸ ಬಡಾವಣೆ. ಬಿಲ್ಡರ್‌ಗಳು ಮನೆ ಕಟ್ಟುವ ಮುಂಚೆ ಮೇಲಿನ ಒಳ್ಳೆ ಮಣ್ಣನ್ನು ಕೆರೆದು ಪಕ್ಕಕ್ಕೆ ಹಾಕುತ್ತಾರೆ. ವರ್ಷಗಟ್ಟಲೆ ದೊಡ್ಡ ದೊಡ್ಡ ಗಾಡಿ ಓಡಾಡಿ ಕೆಳಗಿನ ಜೇಡಿ ಗಟ್ಟಿಯಾಗುತ್ತದೆ. ಕೊನೆಗೆ ನಾಲ್ಕು ಬೆರಳಷ್ಟು ಮಣ್ಣು ಹರಡಿ ಹುಲ್ಲಿನ ಚಾಪೆ ಹಾಸಿ ಕೀಲಿ ಕೈಗೆ ಕೊಡುತ್ತಾರೆ. ಮೇಲಿಂದ ನೋಡಿದರೆ ಹಸಿರು. ಸಲಿಕೆ ಇಳಿಸಿದರೆ ಬೂದುಬಣ್ಣದ ಜೇಡಿ, ಹಿಸುಕಿದರೆ ಗಣಪತಿ ಮಾಡಬಹುದು.

ನಾನು ಮಾಡಿದ್ದಿಷ್ಟು. ಮೇ ಕೊನೆಗೆ, ಇನ್ನು ಇಬ್ಬನಿ ಹೆಪ್ಪುಗಟ್ಟುವುದಿಲ್ಲ ಅಂತ ಖಾತ್ರಿಯಾದ ಮೇಲೆ, ಒಂದೂವರೆ ಅಡಿಯ ನಾಲ್ಕು ಗುಂಡಿ ತೋಡಿದೆ. ಜೇಡಿ ತೆಗೆದು ಬಿಸಾಕಿ, ಅಂಗಡಿಯ ಹಗುರ ಮಣ್ಣು ತುಂಬಿ ಸಸಿ ಇಟ್ಟೆ. ಜೂನ್ ಪೂರ್ತಿ ಗಿಡಗಳು ನಗುತ್ತಿದ್ದವು. ಪಕ್ಕದ ಮನೆಯವರು ಬೇಲಿ ಮೇಲಿಂದ ಇಣುಕಿ ನೋಡಿ ಹೊಗಳಿದ್ದೂ ಆಯಿತು.

ಜುಲೈನಲ್ಲಿ ಎರಡು ದಿನ ಬಿಡದೆ ಮಳೆ ಸುರಿಯಿತು. ಮೂರನೇ ದಿನ ಎಲೆಗಳು ಜೋತುಬಿದ್ದಿದ್ದವು. ನನ್ನ ತಲೆಗೆ ಹೊಳೆದಿದ್ದು ಒಂದೇ, ಬಾಯಾರಿಕೆ. ಇನ್ನೊಂದಿಷ್ಟು ನೀರು ಹಾಕಿದೆ! ಕೆಳಗಿನ ಎಲೆ ಹಳದಿಯಾದಾಗ ಸಾರಜನಕ ಕಡಿಮೆ ಅಂತ ಗೊಬ್ಬರ ಕೊಟ್ಟೆ. ಎಲೆ ತುದಿ ಸುಟ್ಟವು. ಬೇರು ಉಸಿರುಕಟ್ಟಿ ಸಾಯುತ್ತಿದ್ದರೆ ಗೊಬ್ಬರ ತಿನ್ನುವವರು ಯಾರು? ನೀರಿಲ್ಲದೆ ಬಾಡಿದ ಎಲೆ ತೆಳ್ಳಗೆ, ಗರಿಗರಿ ಇರುತ್ತದೆ. ನೀರು ಜಾಸ್ತಿಯಾಗಿ ಜೋತುಬಿದ್ದ ಎಲೆ ದಪ್ಪಗೆ, ಭಾರವಾಗಿ, ಕೆಳಕ್ಕೆ ಮುದುರಿಕೊಂಡಿರುತ್ತದೆ. ಈ ವ್ಯತ್ಯಾಸ ನನಗೆ ಆಮೇಲೆ ತಿಳಿಯಿತು.

ವಾರದಲ್ಲಿ ಎರಡು ಗಿಡ ಹೋದವು. ಒಂದನ್ನು ಕಿತ್ತೆ. ಕೀಳುವ ಕಷ್ಟವೇ ಬೀಳಲಿಲ್ಲ, ಸುಮ್ನೆ ಕೈಗೆ ಬಂತು. ಗುಂಡಿಯಿಂದ ಮೋರಿ ವಾಸನೆ. ಬಿಳಿ ಇರಬೇಕಾದ ಬೇರು ಕಾಫಿಪುಡಿ ಬಣ್ಣಕ್ಕೆ ತಿರುಗಿತ್ತು. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದೆ. ಮೇಲಿನ ಸಿಪ್ಪೆ ಕಾಲುಚೀಲದ ಹಾಗೆ ಜಾರಿ ಬಂತು, ಒಳಗೆ ದಾರದಂಥ ಎಳೆ ಮಾತ್ರ ಉಳಿಯಿತು. ಬೇರು ಕೊಳೆರೋಗ. ಗುಂಡಿಯ ಗೋಡೆ ಸವರಿದೆ. ಸಲಿಕೆ ಉಜ್ಜಿದ ಕಡೆ ಜೇಡಿ ಮಡಕೆಯ ಮೈಯಂತೆ ನುಣುಪಾಗಿತ್ತು. ನೀರು ಒಂದು ಹನಿಯೂ ಆಚೆ ಹೋಗಲು ದಾರಿಯಿರಲಿಲ್ಲ.

ಆ ರಾತ್ರಿ ನವಲಗುಂದಕ್ಕೆ ಫೋನ್ ಮಾಡಿದೆ. ಯಾವ ಗಿಡ ಅಂತ ಅಪ್ಪನಿಗೆ ಹೇಳುವ ಧೈರ್ಯ ಇಲ್ಲ, ಟೊಮೆಟೊ ಅಂದೆ.

"ಲೇ ತಮ್ಮಾ, ಎರಿಯಾಗ ಕುಣಿ ತೋಡಿ ಮಸಾರಿ ಮಣ್ಣು ತುಂಬಿದ್ರ ಅದು ಹೊಂಡ ಆಕ್ಕೈತಿ. ಸುತ್ತಲಿನ ನೀರೆಲ್ಲ ಅದರಾಗ ಬಂದು ಕುಂದರತೈತಿ. ಹೊರಗ ಹೋಗಾಕ ದಾರಿ ಎಲ್ಲೈತಿ?"

ಅಷ್ಟೇ ವಿಷಯ. ನಾನು ನೆಟ್ಟಿದ್ದು ತೂತಿಲ್ಲದ ಬಕೆಟ್ಟಿನಲ್ಲಿ. ಗುಂಡಿಯೊಳಗಿನ ಮಣ್ಣು ಎಷ್ಟು ಒಳ್ಳೆಯದಾಗಿದ್ದರೂ ಬಕೆಟ್ಟು ಬಕೆಟ್ಟೇ.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಉಳಿದ ಎರಡನ್ನು ಬದುಕಿಸೋಣ ಅಂತ ಸುತ್ತಲಿನ ಜೇಡಿ ಅಗೆದು ಎರಡು ಮೂಟೆ ಮರಳು ಬೆರೆಸಿದೆ. ಆಗಸ್ಟ್ ಬಿಸಿಲಿಗೆ ಅದು ಇಟ್ಟಿಗೆಯಾಯಿತು. ಜೇಡಿಯ ಗುಣ ಬದಲಾಗಬೇಕಾದರೆ ಅರ್ಧಕ್ಕಿಂತ ಹೆಚ್ಚು ಮರಳೇ ಇರಬೇಕು, ಎರಡು ಮೂಟೆ ಯಾವ ಮೂಲೆಗೆ? ಮೂರನೇ ಗಿಡ ಅಲ್ಲೇ ಒಣಗಿತು. ತೋಟದ ಅಂಗಡಿಯವನು ಜಿಪ್ಸಮ್ ಹಾಕಿ ಅಂದ, ಅದನ್ನೂ ಹಾಕಿದೆ. ಜಿಪ್ಸಮ್ ಕೆಲಸ ಮಾಡುವುದು ಸೋಡಿಯಂ ಜಾಸ್ತಿ ಇರುವ ಸವಳು ಭೂಮಿಯಲ್ಲಿ. ಮಲಪ್ರಭಾ ಕಾಲುವೆ ಬಂದ ಮೇಲೆ ನಮ್ಮ ಕಡೆ ಎಷ್ಟೋ ಹೊಲ ಹಾಗಾಗಿವೆ. ನನ್ನ ಹಿತ್ತಲಿಗೆ ಆ ಕಾಯಿಲೆಯೇ ಇರಲಿಲ್ಲ. ನಾಲ್ಕನೇ ಗಿಡ ಬಡಕಲಾಗಿ ಹೂ ಬಿಟ್ಟಿತು, ಸೆಪ್ಟೆಂಬರ್ ಮಳೆಗೆ ಬೂದು ಬೂಷ್ಟು ಹಿಡಿದು ಅದೂ ಮುಗಿಯಿತು.

ನೆಡುವ ಮುಂಚೆ ಒಂದು ಕೆಲಸ ಮಾಡಿ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಇಂಗಿದ ಮೇಲೆ ಮತ್ತೆ ತುಂಬಿಸಿ, ಗಡಿಯಾರ ನೋಡಿ. ಗಂಟೆಗೆ ಒಂದು ಇಂಚೂ ಇಳಿಯದಿದ್ದರೆ ಆ ಜಾಗ ಬಿಡಿ. ನಾನು ತಡವಾಗಿ ಮಾಡಿದೆ. ಸಂಜೆ ತುಂಬಿಸಿದ ಗುಂಡಿಯಲ್ಲಿ ಬೆಳಿಗ್ಗೆ ಇನ್ನೂ ನಾಲ್ಕು ಬೆರಳು ನೀರಿತ್ತು, ಒಂದು ಗುಬ್ಬಿ ಸ್ನಾನ ಮಾಡುತ್ತಿತ್ತು.

ಈ ವರ್ಷ ನೆಲ ಅಗೆದಿಲ್ಲ. ಸುಮಾರು 55 ಲೀಟರಿನ ಬಟ್ಟೆ ಕುಂಡ ನಾಲ್ಕು ತಂದು, ಇಟ್ಟಿಗೆ ಮೇಲೆ ಎತ್ತರಿಸಿ ಇಟ್ಟಿದ್ದೇನೆ. ಮಳೆ ಬಂದರೆ ಅಡಿಯಿಂದ ನೀರು ಸೋರುವುದು ಕಣ್ಣಿಗೇ ಕಾಣುತ್ತದೆ. ಹಿತ್ತಲಿನ ಜೇಡಿಗೆ ಶರತ್ಕಾಲದಲ್ಲಿ ಉದುರಿದ ಎಲೆ, ಕಾಂಪೋಸ್ಟ್ ಹೊದಿಸುತ್ತಾ ಹೋಗುತ್ತಿದ್ದೇನೆ, ಅದು ಸರಿಹೋಗಲು ವರ್ಷಗಳೇ ಬೇಕು.

ಅಪ್ಪ ಫೋನ್ ಮಾಡಿದಾಗಲೆಲ್ಲ "ಟೊಮೆಟೊ ಹೆಂಗ ಬಂದಾವು?" ಅಂತ ಕೇಳುತ್ತಾರೆ. ಹಾಗಾಗಿ ಒಂದು ಕುಂಡಕ್ಕೆ ನಿಜವಾಗಿಯೂ ಟೊಮೆಟೊ ಹಾಕಿದ್ದೇನೆ. ಮೊನ್ನೆ ಫೋಟೊ ಕಳಿಸಿದೆ.