ಹಳೇ ಓಮ್ನಿ ನೋಡೋಕೆ ಹೋದಾಗ ಎಂಜಿನ್ ಬಿಸಿ ಇದ್ರೆ ಮಾತಾಡದೆ ವಾಪಸ್ ಬನ್ನಿ

ಪೂರ್ತಿ ಓದೋಕೆ ಪುರುಸೊತ್ತಿಲ್ಲದೋರು ಇಷ್ಟು ಓದಿ ಸಾಕು. ಸೆಕೆಂಡ್ ಹ್ಯಾಂಡ್ ಓಮ್ನಿ ಆಗಲಿ, ಈಕೋ ಆಗಲಿ, ನೀವು ಹೋಗಿ ನಿಲ್ಲೋ ಹೊತ್ತಿಗೆ ಅದರ ಎಂಜಿನ್ ಬಿಸಿ ಇದ್ರೆ ಆ ಗಾಡಿ ಮುಟ್ಟಬೇಡಿ. "ನೀವು ಬರ್ತೀರಿ ಅಂತ ಸ್ಟಾರ್ಟ್ ಮಾಡಿಟ್ಟಿದ್ದೆ ಸಾರ್" ಅಂತ ನಗ್ತಾ ಹೇಳ್ತಾರೆ. ಅದು ಉಪಚಾರ ಅಲ್ಲ. ತಣ್ಣಗಿರೋ ಎಂಜಿನ್ ಬಾಯಿಬಿಡೋ ಸತ್ಯವನ್ನ ಬಿಸಿ ಎಂಜಿನ್ ಮುಚ್ಚಿಡುತ್ತೆ, ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ನಾವು ಮೋಸಹೋದ ಗಾಡಿ 2009ರ ಮಾಡೆಲ್, ಐದು ಸೀಟಿನ ಓಮ್ನಿ. ಟೆಂಟ್ ಹೌಸ್ ಸಾಮಾನು ಹೊರೋ ಕೆಲಸಕ್ಕೆ ಅಂತ ತಗೊಂಡಿದ್ದು, ತುಮಕೂರು ಕಡೆಯ ಒಬ್ಬ ಡೀಲರ್ ಹತ್ರ. ಹೊಸ ಪೇಂಟ್, ಹೊಸ ಸೀಟ್ ಕವರ್, ಟೈರಿಗೆ ಕರಿ ಪಾಲಿಶ್. "ಒಂದೇ ಕೈ ಗಾಡಿ. ರಿಟೈರ್ಡ್ ಮೇಷ್ಟ್ರು ಓಡಿಸಿದ್ದು." ಈ ರಿಟೈರ್ಡ್ ಮೇಷ್ಟ್ರು ಕರ್ನಾಟಕದಲ್ಲಿ ಎಷ್ಟು ಸಾವಿರ ಗಾಡಿ ಓಡಿಸಿದ್ದಾರೋ ದೇವರಿಗೇ ಗೊತ್ತು. ರೇಟಿನ ಮಾತು ಬಂದಾಗ ಇನ್ನೊಂದು ಅಸ್ತ್ರ: "ಓಮ್ನಿ ಕಂಪನಿಯವರೇ ನಿಲ್ಸಿಬಿಟ್ಟಿದ್ದಾರೆ, ಇಂಥ ಪೀಸ್ ಮತ್ತೆ ಸಿಗಲ್ಲ."

ನಿಲ್ಲಿಸಿದ್ದು ನಿಜವೇ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂತು, 1988ರಲ್ಲಿ ಓಮ್ನಿ ಅಂತ ಹೆಸರಾಯ್ತು, 2019ರಲ್ಲಿ ನಿಂತುಹೋಯ್ತು. ಓಮ್ನಿ ಬರೋಕೂ ಮುಂಚೆ ಊರಲ್ಲಿ ಭಾರದ ಕೆಲಸ ಅಂದ್ರೆ ಮಟಾಡೋರ್ ವ್ಯಾನ್. ಮದುವೆ ದಿಬ್ಬಣ, ಅಡುಗೆ ಪಾತ್ರೆ, ಶಾಮಿಯಾನ, ಎಲ್ಲಾ ಅದರಲ್ಲೇ. ಸಣ್ಣ ಕೆಲಸಗಳು ಓಮ್ನಿಗೆ ಬಂದ್ವು: ಬೇಕರಿ, ಹೂವು, ಪೇಪರ್ ಬಂಡಲ್, ಸ್ಕೂಲ್ ಮಕ್ಕಳು, ಆಂಬುಲೆನ್ಸ್, ಸಿನಿಮಾದಲ್ಲಾದ್ರೆ ಕಿಡ್ನ್ಯಾಪ್. 800 ಕಾರಿನ ಅದೇ 796 ಸಿಸಿ ಮೂರು ಸಿಲಿಂಡರ್ ಎಂಜಿನ್, ಹಿಂದೆ ಪಟ್ಟಿ ಸ್ಪ್ರಿಂಗು, ಜಾರೋ ಬಾಗಿಲು, ಯಾವ ಹಳ್ಳಿ ಮೆಕ್ಯಾನಿಕ್ಕೂ ಬಿಚ್ಚಿ ಕಟ್ಟಬಲ್ಲ. ಅದಕ್ಕೇ ಜನ ಇವತ್ತಿಗೂ ಹುಡುಕ್ತಾರೆ. ಜನ ಹುಡುಕ್ತಾರೆ ಅಂತಲೇ ಗುಜರಿಗೆ ಹೋಗಬೇಕಾದ ಗಾಡಿಗಳು ಬಣ್ಣ ಬಳ್ಕೊಂಡು ಬಂದು ನಿಲ್ತವೆ.

ವಿಷಯಕ್ಕೆ ಬರ್ತೀನಿ. ಟೆಸ್ಟ್ ಡ್ರೈವಲ್ಲಿ ಗಾಡಿ ಬೆಣ್ಣೆ ಹಾಗೆ ಓಡಿತು. ಟೆಂಪರೇಚರ್ ಮುಳ್ಳು ಅಲ್ಲಾಡಲಿಲ್ಲ. ಆಮೇಲೆ ಲೋಡ್ ಹಾಕಿ ದೇವರಾಯನದುರ್ಗದ ಏರು ಹತ್ತಿಸಿದಾಗ ಸೀಟಿನ ಅಡಿಯಿಂದ ಹಬೆ ಎದ್ದಿತು. ಓಮ್ನಿಯಲ್ಲಿ ಎಂಜಿನ್ ಇರೋದು ಮುಂದಿನ ಸೀಟುಗಳ ಕೆಳಗೇ. ಆಗಲೂ ಮುಳ್ಳು ತಣ್ಣಗೆ ಕೆಳಗೇ ಮಲಗಿತ್ತು! ಎಂಜಿನ್ ಕುದೀತಾ ಇದೆ, ಮುಳ್ಳು ಮಲಗಿದೆ.

ತಣ್ಣಗಾದ ಮೇಲೆ ಮೆಕ್ಯಾನಿಕ್ ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿ ತೋರಿಸಿದ. ಹಳದಿ. ಅರಿಶಿನ. ಅಡುಗೆ ಮನೆಯ ಅರಿಶಿನ ಪುಡಿ.

ಗೊತ್ತಿಲ್ಲದೋರಿಗೆ ಹೇಳ್ತೀನಿ. ರೇಡಿಯೇಟರ್ ಸಣ್ಣದಾಗಿ ಸೋರ್ತಿದ್ರೆ ದಾರಿ ಮಧ್ಯೆ ಡ್ರೈವರುಗಳು ಒಂದು ಹಿಡಿ ಅರಿಶಿನ ಹಾಕೋದು ಹಳೇ ಉಪಾಯ. ಪುಡಿ ತೂತಿನ ಹತ್ರ ಹೋಗಿ ಕಚ್ಕೊಂಡು ಸೋರೋದು ನಿಲ್ಲುತ್ತೆ, ಗ್ಯಾರೇಜ್ ತಲುಪೋವರೆಗೆ. ಆದ್ರೆ ಅದು ತೂತು ಯಾವುದು, ನೀರು ಹರಿಯೋ ಸಣ್ಣ ಕೊಳವೆ ಯಾವುದು ಅಂತ ನೋಡಲ್ಲ. ಎಲ್ಲಾ ಕಡೆ ಕೂರುತ್ತೆ, ಹೀಟರ್ ಕೊಳವೆಯನ್ನೂ ಬಿಡಲ್ಲ. ದಾರಿಯಲ್ಲಿ ಹಾಕಿದ್ರೆ ಅನಿವಾರ್ಯ ಅನ್ನಬಹುದು. ಮಾರೋಕೆ ಮುಂಚೆ ಹಾಕಿದ್ರೆ ಮೋಸ ಅಂತಲೇ ಅನ್ನಬೇಕು.

ಅಷ್ಟಕ್ಕೇ ಮುಗೀಲಿಲ್ಲ. ಥರ್ಮೋಸ್ಟಾಟ್ ಹೌಸಿಂಗ್ ಬಿಚ್ಚಿದ್ರೆ ಒಳಗೆ ಥರ್ಮೋಸ್ಟಾಟೇ ಇಲ್ಲ, ಕಿತ್ತು ಹಾಕಿದ್ದಾರೆ. ಅದು ಇದ್ರೆ 80 ಡಿಗ್ರಿ ಆಸುಪಾಸು ಬರೋವರೆಗೆ ನೀರನ್ನ ತಡೆದಿಟ್ಟು ಎಂಜಿನ್ನನ್ನ ಬೇಗ ಕಾವಿಗೆ ತರುತ್ತೆ. ಕಿತ್ತರೆ ನೀರು ಮೊದಲಿಂದಲೇ ಸುತ್ತುತ್ತೆ, ಖಾಲಿ ಗಾಡಿಯಲ್ಲಿ ನಾಲ್ಕು ಕಿಲೋಮೀಟರ್ ಸುತ್ತಿ ಬಂದ್ರೆ ಕುದಿಯೋ ಪ್ರಶ್ನೆಯೇ ಬರಲ್ಲ. ರೇಡಿಯೇಟರ್ ಫ್ಯಾನಿಗೆ ಬಿಸಿಯಾದಾಗ ಆನ್ ಆಗೋ ಸ್ವಿಚ್ ತಪ್ಪಿಸಿ ಇಗ್ನಿಷನ್‌ನಿಂದಲೇ ನೇರ ವೈರ್ ಎಳೆದಿದ್ರು. ಕೀ ತಿರುಗಿಸಿದ್ರೆ ಫ್ಯಾನ್ ಶುರು. ಎಂಜಿನ್ ಬಿಸಿಯನ್ನ ಮುಳ್ಳಿಗೆ ತಿಳಿಸೋ ಟೆಂಪರೇಚರ್ ಸೆಂಡರಿನ ವೈರ್ ಕಿತ್ತು ಟೇಪ್ ಸುತ್ತಿ ಬಿಟ್ಟಿದ್ರು, ಮುಳ್ಳು ಮಲಗಿದ್ದು ಅದಕ್ಕೇ. ಮೂರೂ ಬೇಕಂತಲೇ ಮಾಡಿದ ಕೆಲಸ. ಒಂದಾದ್ರೆ ಹಳೇ ಮೆಕ್ಯಾನಿಕ್‌ನ ಸೋಮಾರಿತನ ಅನ್ನಬಹುದಿತ್ತು. ಮೂರೂ ಒಟ್ಟಿಗೆ ಅಂದ್ರೆ ಗಾಡಿ ಕುದಿಯುತ್ತೆ ಅಂತ ಗೊತ್ತಿದ್ದೇ ಮಾಡಿದ್ದು.

ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಇಳಿಸಿ ಮೇಲೆ ಸ್ಟ್ರೇಟ್ ಎಡ್ಜ್ ಅನ್ನೋ ನೇರ ಪಟ್ಟಿ ಇಟ್ಟು, ಸಂದು ಅಳೆಯೋ ಫೀಲರ್ ಗೇಜ್ ತೂರಿಸಿದ್ರೆ ಆರಾಮಾಗಿ ಹೋಯ್ತು. ಈ ಎಂಜಿನ್ನಿಗೆ ಹೆಡ್ ಬಾಗಿರೋ ಮಿತಿ 0.05 ಮಿ.ಮೀ. ಅಲ್ಯೂಮಿನಿಯಂ ಹೆಡ್, ಒಂದು ಸಲ ಜೋರಾಗಿ ಕುದಿದ್ರೆ ಬಾಗುತ್ತೆ. ಬಾಗಿದ ಹೆಡ್ಡಿಗೆ ಫೇಸಿಂಗ್ ಮಾಡಿಸದೆ, ಅಂದ್ರೆ ಉಜ್ಜಿ ಮಟ್ಟ ಮಾಡಿಸದೆ, ಹೊಸ ಗ್ಯಾಸ್ಕೆಟ್ (ಹೆಡ್ಡಿನ ಅಡಿ ಸೋರದ ಹಾಗೆ ಕೂರಿಸೋ ತೆಳು ಹಾಳೆ) ಕೂರಿಸಿದ್ರೆ ಅದೂ ಹೋಗುತ್ತೆ. ಇದರಲ್ಲಿ ಆಗಿದ್ದು ಅದೇ. ಗ್ಯಾಸ್ಕೆಟ್ ಹೊಸದು, ಹೆಡ್ ಬಾಗಿದ್ದು.

ಬಿಸಿ ಮಾಡಿ ಇಡೋದು ಯಾಕೆ ಅಂತ ಈಗ ಅರ್ಥ ಆಗಿರಬೇಕು. ಗ್ಯಾಸ್ಕೆಟ್ ಸೋರೋ ಎಂಜಿನ್ನಲ್ಲಿ ರಾತ್ರಿಯಿಡೀ ಕೂಲಂಟ್ ಸಿಲಿಂಡರಿಗೆ ಜಿನುಗುತ್ತೆ. ಬೆಳಿಗ್ಗೆ ಮೊದಲ ಸ್ಟಾರ್ಟಲ್ಲಿ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತೆ, ಗಾಡಿ ಗಡಗಡ ಅನ್ನುತ್ತೆ, ಸೈಲೆನ್ಸರಲ್ಲಿ ದಪ್ಪ ಬಿಳಿ ಹೊಗೆ ಬಂದು ಬೇಗ ನಿಲ್ಲಲ್ಲ. ಎಲ್ಲಾ ಗಾಡಿಗೂ ಚಳಿಗೆ ಸ್ವಲ್ಪ ಹಬೆ ಬರುತ್ತೆ, ಅದು ಎರಡು ನಿಮಿಷಕ್ಕೆ ಹೋಗುತ್ತೆ. ಇದು ಅಷ್ಟು ಬೇಗ ಹೋಗಲ್ಲ, ಸಿಹಿ ವಾಸನೆ ಬೇರೆ. ಎಂಜಿನ್ ಪೂರ್ತಿ ಕಾದ ಮೇಲೆ ಇದೆಲ್ಲಾ ಮಾಯ. ಗಾಡಿ ನೋಡೋಕೆ ಬೆಳಿಗ್ಗೆ ಏಳಕ್ಕೆ ಬರ್ತೀವಿ ಅಂದಿದ್ದಕ್ಕೆ ಆ ಡೀಲರ್ "ಗೋಡೌನ್ ಹತ್ತಕ್ಕೆ ತೆಗೆಯೋದು ಸಾರ್" ಅಂದ. ಹತ್ತಕ್ಕೆ ಹೋದಾಗ ಬಾನೆಟ್ಟು ಕೈ ಸುಡ್ತಿತ್ತು ಅಂತ ಬರೆಯೋಣ ಅಂದ್ರೆ ಓಮ್ನಿಗೆ ಆ ಥರ ಬಾನೆಟ್ಟೇ ಇಲ್ಲ. ಸೀಟು ಎತ್ತಿದ್ರೆ ಮಾತ್ರ ಗೊತ್ತಾಗೋದು, ಸೀಟಿಗೆ ಹೊಸ ಕವರ್ ಬಿಗಿದು ಕಟ್ಟಿದ್ರು.

ಇನ್ನು ಆತನ ಉತ್ತರಗಳು, ಬಂದ ವರಸೆಯಲ್ಲೇ.

ಮೊದಲ ಫೋನಿಗೆ: "ಹಂಗಾಯ್ತಾ? ಲೋಡ್ ಜಾಸ್ತಿ ಹಾಕಿರ್ತೀರಿ." ಅರಿಶಿನದ ಫೋಟೋ ಕಳಿಸಿದ್ದಕ್ಕೆ: "ಹಳೇ ಓನರ್ ಹಾಕಿರಬೇಕು, ನನಗೇನು ಗೊತ್ತು." ಅದೇ ರಿಟೈರ್ಡ್ ಮೇಷ್ಟ್ರು ಪಾಪ! ಥರ್ಮೋಸ್ಟಾಟ್ ಇಲ್ಲ ಅಂದಿದ್ದಕ್ಕೆ: "ನಮ್ಮ ಬಿಸಿಲಿಗೆ ಅದು ಬೇಕಾಗಲ್ಲ ಸಾರ್, ಎಲ್ರೂ ತೆಗೆಸ್ತಾರೆ." ಅಂದ್ರೆ ತೆಗೆಸಿದ್ದು ಗೊತ್ತಿತ್ತು ಅಂತಾಯ್ತಲ್ಲ? ಅದನ್ನ ಕೇಳಿದ್ದಕ್ಕೆ: "ಟೆಸ್ಟ್ ಡ್ರೈವ್ ಮಾಡಿದ್ರಲ್ಲ, ಆಗ ಚೆನ್ನಾಗಿತ್ತಲ್ಲ?" ಆಮೇಲೆ ಕಾಗದ ತೋರಿಸಿದ. ಡೆಲಿವರಿ ನೋಟಲ್ಲಿ ಸಣ್ಣ ಅಕ್ಷರದಲ್ಲಿ 'ಇದ್ದ ಸ್ಥಿತಿಯಲ್ಲೇ ಒಪ್ಪಿ ಪಡೆದಿದ್ದೇನೆ' ಅಂತ ಇದೆಯಂತೆ. "ಹಳೇ ಗಾಡಿ ಅಂದ್ಮೇಲೆ ಅಷ್ಟೆಲ್ಲಾ ಇರೋದೇ. ಹೊಸದು ಬೇಕಿದ್ರೆ ಶೋರೂಮಿಗೆ ಹೋಗಬೇಕಿತ್ತು." ಹಳೇ ಗಾಡಿ ಅಂತ ನಮಗೂ ಗೊತ್ತಿತ್ತು ಕಣಪ್ಪಾ. ಹಳೇ ಗಾಡಿ ಹಳೇದಾಗಿರಲಿ ಅಂತಲೇ ಕೇಳಿದ್ದು. ಸೋರೋದು ಕಾಣಲಿ, ಮುಳ್ಳು ಏರಲಿ, ಅದಕ್ಕೆ ತಕ್ಕ ರೇಟು ಮಾತಾಡೋಣ. ಮುಳ್ಳಿನ ವೈರ್ ಕಿತ್ತಿದ್ದಕ್ಕೆ ಇವತ್ತಿನವರೆಗೂ ಉತ್ತರ ಇಲ್ಲ. ಕೊನೆಗೆ "ಎಸ್ಟಿಮೇಟ್ ಕಳ್ಸಿ ನೋಡೋಣ" ಅಂದ. ಕಳಿಸಿದ ಮೇಲೆ ನೀಲಿ ಟಿಕ್ ಮಾತ್ರ.

ಎಂಜಿನ್ ಇಳಿಸಿದ ಮೇಲೆ ಮಿಕ್ಕಿದ್ದೂ ಬಯಲಾಯ್ತು. ಎಂಜಿನ್ ಆಯಿಲ್ ಅಂಟಂಟು, ಹೊಗೆ ಮತ್ತು ಟಕಟಕ ಶಬ್ದ ಮುಚ್ಚೋಕೆ ದಪ್ಪ ಮಾಡೋ ಡಬ್ಬಿ ಸುರಿದಿದ್ರು. ಹಿಂದಿನ ಚಕ್ರಗಳನ್ನ ತಿರುಗಿಸೋ ಹಲ್ಲಿನ ಡಬ್ಬಿ ಡಿಫರೆನ್ಷಿಯಲ್‌ನಲ್ಲಿ ಗ್ರೀಸ್ ತುಂಬಿದ್ರು, ಸವೆದ ಹಲ್ಲಿನ ಹೂಂಕಾರ ಕೇಳಬಾರದು ಅಂತ. ಚೆಕ್ ಎಂಜಿನ್ ಲೈಟಿನ ಬಲ್ಬೇ ಇರಲಿಲ್ಲ. ಇದೊಂದನ್ನ ನೆನಪಿಟ್ಕೊಳ್ಳಿ: ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿಂದ ಪೆಟ್ರೋಲ್ ಬಿಡೋ) ಗಾಡಿಯಲ್ಲಿ ಕೀ ಆನ್ ಮಾಡಿದ ತಕ್ಷಣ, ಸ್ಟಾರ್ಟ್ ಮಾಡೋ ಮುಂಚೆ, ಚೆಕ್ ಎಂಜಿನ್, ಆಯಿಲ್, ಬ್ಯಾಟರಿ ಮೂರೂ ದೀಪ ಹತ್ತಲೇಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತದೇ ಇರೋ ದೀಪ ಒಳ್ಳೇದಲ್ಲ, ಕಿತ್ತ ದೀಪ.

ತುಕ್ಕಿನ ಕಥೆ ಬೇರೆ. ಓಮ್ನಿ ಕೊಳೆಯೋ ಜಾಗಗಳು ಗೊತ್ತಿರೋವೇ: ಹಿಂದಿನ ಚಕ್ರದ ಕಮಾನು, ಜಾರೋ ಬಾಗಿಲಿನ ಕೆಳಗಿನ ಹಳಿ, ರಬ್ಬರ್ ಮ್ಯಾಟ್ ಅಡಿಯ ನೆಲ, ಪಟ್ಟಿ ಸ್ಪ್ರಿಂಗ್ ತೂಗಾಡೋ ಬ್ರಾಕೆಟ್ ಬೆಸುಗೆ. ಮೊದಲ ಮೂರು ಟಿಂಕರಿಂಗಿಗೆ ಆಗುತ್ತೆ. ನಾಲ್ಕನೇದು ಕೊಳೆತಿದ್ರೆ ಲೋಡ್ ಹಾಕೋ ಗಾಡಿಯಾಗಿ ಅದರ ಆಯುಸ್ಸು ಮುಗೀತು. ಫ್ರಿಡ್ಜ್ ಮೇಲೆ ಅಂಟಿಸೋ ಮ್ಯಾಗ್ನೆಟ್ ಒಂದು ತೆಳು ಬಟ್ಟೆಯಲ್ಲಿ ಸುತ್ತಿ ಚಕ್ರದ ಕಮಾನಿನ ಮೇಲೆ ಇಡಿ, ಜಾರಿ ಬಿದ್ರೆ ಒಳಗಿರೋದು ತಗಡಲ್ಲ, ಪುಟ್ಟಿ. ಅಡಿಯಲ್ಲಿ ಹೊಸದಾಗಿ ಕರಿ ಟಾರ್ ಬಳಿದಿದ್ರೆ ಸ್ಕ್ರೂಡ್ರೈವರಿಂದ ಚುಚ್ಚಿ ನೋಡ್ತೀನಿ ಅನ್ನಿ. ಬೇಡ ಅಂದ್ರೆ ಅದೇ ಉತ್ತರ.

ಗ್ಯಾಸ್ ಕಿಟ್ ವಿಷಯಕ್ಕಂತೂ ಮೈ ಉರಿಯುತ್ತೆ. ಹಿಂದೆ ಎಲ್‌ಪಿಜಿ ಟ್ಯಾಂಕ್ ಇತ್ತು, ಆರ್‌ಸಿಯಲ್ಲಿ ಇಂಧನ ಬರೀ ಪೆಟ್ರೋಲ್. "ಎಲ್ರೂ ಹಂಗೇ ಓಡಿಸ್ತಾರೆ ಸಾರ್." ಓಡಿಸ್ತಾರೆ, ಬೆಂಕಿ ಬಿದ್ದ ದಿನ ಇನ್ಶೂರೆನ್ಸಿನವರು ಮೊದಲು ನೋಡೋದೇ ಆ ಸಾಲನ್ನ. ಕಿಟ್ ಆರ್‌ಸಿಯಲ್ಲಿ ದಾಖಲಾಗಿರಬೇಕು, ಟ್ಯಾಂಕಿನ ಮೇಲೆ ಸೀರಿಯಲ್ ನಂಬರು, ಟೆಸ್ಟ್ ತಾರೀಕು ಇರೋ ಪ್ಲೇಟ್ ಇರಬೇಕು. ಎಲ್‌ಪಿಜಿ ಟ್ಯಾಂಕಿಗೆ 5 ವರ್ಷಕ್ಕೊಮ್ಮೆ, ಸಿಎನ್‌ಜಿ ಸಿಲಿಂಡರಿಗೆ 3 ವರ್ಷಕ್ಕೊಮ್ಮೆ ಟೆಸ್ಟ್ ಆಗಬೇಕು. ಇದರ ಪ್ಲೇಟ್ ಉಜ್ಜಿ ಹಾಕಿತ್ತು. ಅಡುಗೆ ಸಿಲಿಂಡರಿಂದ ತುಂಬಿಸಿ ಓಡಿಸಿದ ಗಾಡಿಗಳು ಹೆಚ್ಚಾಗಿ ಹೀಗೇ ಇರ್ತವೆ. ವರ್ಷಗಟ್ಟಲೆ ಗ್ಯಾಸಲ್ಲೇ ಓಡಿಸಿದ್ರೆ ವಾಲ್ವ್ ಸೀಟ್ ಸವೆದು, ವಾಲ್ವಿಗೆ ಬಿಟ್ಟಿರೋ ಸಣ್ಣ ಸಂದು, ಅಂದ್ರೆ ಟ್ಯಾಪೆಟ್ ಗ್ಯಾಪ್, ಮುಚ್ಚುತ್ತೆ, ವಾಲ್ವ್ ಪೂರ್ತಿ ಕೂರದೆ ಸುಡುತ್ತೆ. ಪೆಟ್ರೋಲ್ ಟ್ಯಾಂಕ್ ಖಾಲಿ ಬಿಟ್ಟಿದ್ರೆ ಒಳಗಿನ ಪಂಪೂ ಹೋಗಿರುತ್ತೆ, ಯಾಕಂದ್ರೆ ಅದನ್ನ ತಂಪಾಗಿಡೋದೇ ಪೆಟ್ರೋಲ್. ಗ್ಯಾಸ್ ಆಫ್ ಮಾಡಿಸಿ ಪೆಟ್ರೋಲಲ್ಲೇ ಸ್ಟಾರ್ಟ್ ಮಾಡಿಸಿ. "ಪೆಟ್ರೋಲ್ ಖಾಲಿಯಾಗಿದೆ" ಅಂದ್ರೆ ಎರಡು ಲೀಟರ್ ತಂದು ನೀವೇ ಹಾಕಿ.

ಹೋಗೋದಾದ್ರೆ ಹೇಳದೆ ಬೆಳಿಗ್ಗೆ ಹೋಗಿ, ಮೊದಲು ಸೀಟು ಎತ್ತಿಸಿ ಎಂಜಿನ್ ಮುಟ್ಟಿ. ತಣ್ಣಗಿದ್ರೆ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಬಣ್ಣ ನೋಡಿ, ಆಯಿಲ್ ಮುಚ್ಚಳದ ಅಡಿಯಲ್ಲಿ ಹಾಲು ಕಾಫಿಯಂಥ ನೊರೆ ಇದೆಯಾ ನೋಡಿ. ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದೊಳಗೆ ರೇಡಿಯೇಟರಿನ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾದ್ರೆ, ಇಲ್ಲಾ ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ ನಿಲ್ಲದೇ ಬಂದ್ರೆ ಗ್ಯಾಸ್ಕೆಟ್ ಹೋಗಿದೆ. ಫ್ಯಾನ್ ಕೀ ಜೊತೆಗೇ ತಿರುಗಬಾರದು, ಎಂಜಿನ್ ಕಾದ ಮೇಲೆ ಶುರುವಾಗಬೇಕು, ಆಮೇಲೆ ತಾನೇ ನಿಲ್ಲಬೇಕು. ಒಬ್ಬ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯೋದು) ಮಾಡಿಸಿ: ಮೂರೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ತುಳಿದು, ಸಿಲಿಂಡರುಗಳ ನಡುವೆ ಚದರ ಸೆಂ.ಮೀ.ಗೆ 1 ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿದಾಗ ಏರಿದ್ರೆ ಹೋಗಿರೋದು ಪಿಸ್ಟನ್ ರಿಂಗು, ಏರದಿದ್ರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಬಿಡಲ್ಲ ಅಂದ್ರೆ ಅಲ್ಲಿಗೇ ಮುಗೀತು.

ಆರ್‌ಸಿ ಅವಧಿಯನ್ನೂ ನೋಡಿ. 15 ವರ್ಷ ದಾಟಿದ ಬಿಳಿ ಬೋರ್ಡ್ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ 5 ವರ್ಷಕ್ಕೆ ನವೀಕರಣ ಆಗಿರಬೇಕು. 2022ರ ಏಪ್ರಿಲ್‌ನಿಂದ ಕಾರಿಗೆ ಅದರ ಶುಲ್ಕ 5,000 ರೂಪಾಯಿಗೆ ಏರಿತು, ತಡ ಆದ್ರೆ ದಂಡ ಬೇರೆ. "ಎಫ್‌ಸಿ ನಾವೇ ಮಾಡ್ಸಿಕೊಡ್ತೀವಿ" ಅನ್ನೋ ಬಾಯಿಮಾತಿಗೆ ಅಡ್ವಾನ್ಸ್ ಕೊಡಬೇಡಿ.

ಕನ್ಸ್ಯೂಮರ್ ಕೋರ್ಟಿಗೆ ಹೋಗ್ತೀವಿ ಅಂದಿದ್ದಕ್ಕೆ ಆತ ನಕ್ಕು "ವ್ಯಾಪಾರದ ಗಾಡಿಗೆ ಅದೆಲ್ಲಾ ನಡೆಯಲ್ಲ, ಕೇಳ್ಕೊಂಡು ಬನ್ನಿ" ಅಂದ. ಕೇಳ್ಕೊಂಡೇ ಬಂದಿದ್ದೀವಿ. 2019ರ ಕಾಯ್ದೆಯಲ್ಲಿ ವಾಣಿಜ್ಯ ಉದ್ದೇಶಕ್ಕೆ ಕೊಂಡದ್ದು ಬರಲ್ಲ ಅನ್ನೋದು ನಿಜ. ಆದ್ರೆ ಹೊಟ್ಟೆಪಾಡಿಗೆ ಸ್ವಂತ ದುಡಿಮೆಗೆ ಅಂತ ಕೊಂಡಿದ್ರೆ ಬರುತ್ತೆ ಅಂತಲೂ ಅದೇ ಕಾಯ್ದೆ ಹೇಳುತ್ತೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು, ಸಹಾಯವಾಣಿ 1915. ಕಿತ್ತ ವೈರು, ಖಾಲಿ ಹೌಸಿಂಗು, ಹಳದಿ ನೀರು, ಮೂರನ್ನೂ ರಿಪೇರಿ ಮಾಡೋ ಮುಂಚೆಯೇ ವಿಡಿಯೋ ಮಾಡಿ ಮೆಕ್ಯಾನಿಕ್ ಕೈಲಿ ಬರೆಸಿಟ್ಟಿದೆ. ನೋಟಿಸ್ ರಿಜಿಸ್ಟರ್ಡ್ ಪೋಸ್ಟಲ್ಲಿ ಹೋಗಿದೆ. ಉತ್ತರ ಬಂದ್ರೆ ಇದರ ಕೆಳಗೇ ಸೇರಿಸ್ತೀನಿ.