ಹಳೇ ಯೆಜ್ಡಿ ವೈರಿಂಗ್‌ಗೆ ಕೊನೆಗೂ ಒಬ್ರು ಸರಿಯಾದ ಎಲೆಕ್ಟ್ರಿಷಿಯನ್ ಸಿಕ್ರು

ಅಪ್ಪನ 1978ರ ಯೆಜ್ಡಿ ಬೈಕ್, ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರೀಲೇ ಹುಟ್ಟಿದ ಗಾಡಿ, ಪೇಂಟ್ ಮಾಡಿಸಿದ್ಮೇಲೆ ಹೆಡ್‌ಲೈಟ್ ಸೀಮೆಎಣ್ಣೆ ಬುಡ್ಡಿ ಥರ ಮಂಕು, ಹ್ಯಾಂಡಲ್ ಎಡಕ್ಕೆ ತಿರುಗಿಸಿದ್ರೆ ಫ್ಯೂಸ್ ಢಮಾರ್. ಇಬ್ರು ಮೆಕ್ಯಾನಿಕ್‌ಗಳು ಪೂರ್ತಿ ವೈರಿಂಗ್ ಕಿತ್ತಾಕಿ ಅಂದ್ರು. ಆಮೇಲೆ ಮೈಸೂರಲ್ಲೇ ಒಬ್ರು ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಹತ್ರ ಹೋದೆ, ಅವ್ರು ಫ್ಯೂಸ್ ಜಾಗದಲ್ಲಿ 21 ವ್ಯಾಟ್ ಬಲ್ಬ್ ಸಿಗಿಸಿ ಹ್ಯಾಂಡಲ್ ಮೆಲ್ಲಗೆ ತಿರುಗಿಸ್ತಾ ಹೋದ್ರು, ಒಂದ್ಕಡೆ ಶಾರ್ಟ್ ಆಗಿ ಬಲ್ಬ್ ಫಳ್ ಅಂತ ಹತ್ಕೊಳ್ತು, ಅಲ್ಲಿಗೇ ನಿಲ್ಲಿಸಿ ವೈರ್ ಮೇಲಿನ ಕೊಳವೆ ಬಿಡಿಸಿದ್ರೆ ಸ್ಟೀರಿಂಗ್ ಹತ್ರ ವೈರ್ ಉಜ್ಜಿ ಉಜ್ಜಿ ತಾಮ್ರ ಕಾಣ್ತಿತ್ತು! ಮಂಕು ಲೈಟ್‌ಗೂ ಅಷ್ಟೇ, ಲೈಟ್ ಆನ್ ಇಟ್ಟು ಬ್ಯಾಟರಿಯ ಅರ್ತ್ ಟರ್ಮಿನಲ್‌ಗೂ (ಫ್ರೇಮ್ ಮೂಲಕ ಕರೆಂಟ್ ಬ್ಯಾಟರಿಗೆ ವಾಪಸ್ ಸೇರೋ ತುದಿ) ಫ್ರೇಮ್‌ಗೂ ಮೀಟರ್ ಹಿಡಿದ್ರು, 1.3 ವೋಲ್ಟ್ ತೋರಿಸ್ತು. 12 ವೋಲ್ಟ್ ಗಾಡೀಲಿ ಹೇಗೋ ನಡೀಬಹುದು, ಇದು 6 ವೋಲ್ಟ್, ಅಷ್ಟು ಅರ್ತಲ್ಲೇ ಹೋದ್ರೆ ಬಲ್ಬ್‌ಗೆ ಉಳಿಯೋದೇನು? ಅರ್ತ್ ಬೋಲ್ಟ್ ಕೆಳಗೆ ಹೊಸ ಪೇಂಟ್ ಕೂತಿತ್ತು, ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ ಟೈಟ್ ಮಾಡಿದ್ರು, ಸರಿಹೋಯ್ತು. ತಗೊಂಡಿದ್ದು 350 ರೂಪಾಯಿ. ಅರ್ಧ ದಿನ ಕಾಯ್ಬೇಕು, ಫೋನ್ ಎತ್ತಲ್ಲ, ಅದೊಂದೇ ತೊಂದ್ರೆ. ಆದ್ರೆ ಪ್ರತಿಯೊಂದನ್ನೂ ತೋರಿಸಿ ಹೇಳ್ಕೊಡ್ತಾರೆ. ರಾತ್ರಿ ಅಪ್ಪನ್ನ ಕೂರಿಸ್ಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗ್ಬಂದೆ.